ಮಾರ್ಚುರಿಯಲ್ಲಿ ಇರುವವನೂ ಮನುಷ್ಯನೇ: ಸಿನಿಮಾ, ಧಾರಾವಾಹಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಸಿನಿಮಾ, ಧಾರಾವಾಹಿ, ವೆಬ್ ಸರಣಿಗಳ ಕಥೆಗಾರರಿಗೆ, ನಿರ್ದೇಶಕರಿಗೆ ಮತ್ತು ನಿರ್ಮಾಪಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಒಂದು ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ ಸಹಾಯಕ. ಕಾಗದದಲ್ಲಿ ಡಿ ದರ್ಜೆ ನೌಕರ. ಊರಿನವರ ಬಾಯಲ್ಲಿ ಹೆಣ ಕೊಯ್ಯೋನು. ಡಾಕ್ಟರು ಶವಪರೀಕ್ಷೆ ಮಾಡುವಾಗ ಪಕ್ಕದಲ್ಲಿ ನಿಲ್ಲುವುದು, ತೆರೆಯುವುದು, ಹೊಲಿಯುವುದು, ತೊಳೆದು ಬಟ್ಟೆ ಸುತ್ತಿ ಪೊಲೀಸರಿಗೆ ಒಪ್ಪಿಸುವುದು ನನ್ನ ಕೆಲಸ. ನಿಮ್ಮ ಕಥೆಗಳಲ್ಲಿ ನಾನು ಆಗಾಗ ಬಂದು ಹೋಗುತ್ತೇನೆ. ಒಂದು ಸೀನು, ಜಾಸ್ತಿ ಅಂದರೆ ಎರಡು. ಆ ಸೀನುಗಳ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಅದಕ್ಕೇ ಈ ಪತ್ರ.

ಆ ಸೀನು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಉದ್ದನೆಯ ಕಾರಿಡಾರು. ಟ್ಯೂಬ್‌ಲೈಟು ಹೊತ್ತಿ ಆರಿ ಹೊತ್ತಿ ಆರಿ ಮಾಡುತ್ತಿರುತ್ತದೆ. ಬಾಗಿಲು ಕಿರ್ರ್ ಅನ್ನುತ್ತದೆ. ಒಳಗೆ ಒಬ್ಬ ಕೂತಿರುತ್ತಾನೆ. ಕಪ್ಪು ಬಣ್ಣ ಬಳಿದ ಮುಖ, ಒಂದು ಕಣ್ಣಲ್ಲಿ ಹೂವು, ಹಲ್ಲು ಕಿತ್ತುಹೋಗಿರುತ್ತವೆ. ಪಕ್ಕದಲ್ಲಿ ಕ್ವಾರ್ಟರ್ ಬಾಟಲಿ. ಹೆಣದ ಮಂಚದ ಮೇಲೇ ಪೊಟ್ಟಣ ಬಿಚ್ಚಿಕೊಂಡು ಬೋಂಡ ತಿನ್ನುತ್ತಿರುತ್ತಾನೆ. ನಾಯಕಿ ಬಂದು ಏನೋ ಕೇಳುತ್ತಾಳೆ. ಅವನು ಉತ್ತರ ಕೊಡುವುದಿಲ್ಲ, ನಗುತ್ತಾನೆ. ಹಿಂದೆ ಮ್ಯೂಸಿಕ್ಕು. ಕೊನೆಗೆ ಹೆಣ ಅದಲುಬದಲು ಮಾಡಿದವನು ಅವನೇ ಆಗಿರುತ್ತಾನೆ, ಇಲ್ಲದಿದ್ದರೆ ಅದಕ್ಕಿಂತ ಅಸಹ್ಯದ ಇನ್ನೇನೋ ಮಾಡಿರುತ್ತಾನೆ. ಸ್ಮಶಾನ ಕಾಯುವವನ ಕಥೆಯೂ ಇದೇ. ಬಾಟಲಿ ಬದಲು ಚಿಲುಮೆ, ಅಷ್ಟೇ ವ್ಯತ್ಯಾಸ.

ನಮ್ಮ ಆಸ್ಪತ್ರೆಯ ಹಳೇ ಕಟ್ಟಡದಲ್ಲಿ ಒಮ್ಮೆ ಶೂಟಿಂಗ್ ನಡೆಯಿತು. ಯಾವ ಸಿನಿಮಾ ಅಂತ ಹೇಳುವುದಿಲ್ಲ, ಒಬ್ಬರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ನಮ್ಮ ಹಳೇ ಪಿ.ಎಂ. (ಪೋಸ್ಟ್‌ಮಾರ್ಟಂ) ರೂಮಿಗೆ ಸುಣ್ಣ ಹೊಡೆಸಿದ್ದರು. ಆರ್ಟ್ ಡಿಪಾರ್ಟ್‌ಮೆಂಟಿನ ಹುಡುಗರು ಬಂದು ಆ ಗೋಡೆಗೆ ಮಸಿ, ಕೆಂಪು ಬಣ್ಣ ಎಲ್ಲ ಬಳಿದರು. ಮೂಲೆಯಲ್ಲಿ ಹೊಗೆ ಮಿಷನ್ ಇಟ್ಟರು. ಬಣ್ಣದ ನೀರು ತುಂಬಿದ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ ಹಿಂದಿನಿಂದ ಹಸಿರು ಲೈಟು ಬಿಟ್ಟರು. ನನ್ನನ್ನು ಕರೆದು ಮಂಚ ಎಲ್ಲಿರುತ್ತದೆ, ಉಳಿ ಸುತ್ತಿಗೆ ಎಲ್ಲಿಡುತ್ತೀರಿ ಅಂತ ಕೇಳಿದರು. ಹೇಳಿದೆ. ಒಬ್ಬ ಅಸಿಸ್ಟೆಂಟ್ ಡೈರೆಕ್ಟರು ನನ್ನ ಮುಖ ನೋಡಿ, "ಸರ್, ಇವರನ್ನೇ ಒಂದು ಶಾಟಲ್ಲಿ ನಿಲ್ಲಿಸೋಣವಾ?" ಅಂದ. ನಿರ್ದೇಶಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೇಡ ಕಣಯ್ಯ, ಬ್ಯಾಂಕ್ ಕ್ಲರ್ಕ್ ಥರ ಇದ್ದಾರೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ಪಾತ್ರ ಮಾಡುವ ನಟರು ಬಂದರು. ಒಳ್ಳೆಯ ಮನುಷ್ಯ. ಕುರ್ಚಿಯಲ್ಲಿ ಕೂತು ಮೇಕಪ್ ಹಾಕಿಸಿಕೊಳ್ಳುತ್ತಾ ನನ್ನ ಮಕ್ಕಳ ಬಗ್ಗೆ ಎಲ್ಲ ವಿಚಾರಿಸಿದರು. ಮೇಕಪ್ ಮುಗಿಯುವ ಹೊತ್ತಿಗೆ ಅವರ ಬಣ್ಣ ಮೂರು ಪಟ್ಟು ಕಪ್ಪಾಗಿತ್ತು. ಹಲ್ಲಿಗೆ ಕರಿ ಬಳಿದಿದ್ದರು. ಅಂಗಿ ಹರಿದಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದೆ.

ಇಷ್ಟಕ್ಕೆ ಯಾಕೆ ಬೇಜಾರು ಮಾಡಿಕೊಳ್ಳಬೇಕು, ಸಿನಿಮಾ ತಾನೆ ಅಂತ ನೀವು ಅನ್ನಬಹುದು. ಸಿನಿಮಾ ಥಿಯೇಟರಿನಲ್ಲೇ ಉಳಿದಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಆ ಸಿನಿಮಾ ಟಿವಿಯಲ್ಲಿ ಬಂದ ಮಾರನೇ ವಾರ ನನ್ನ ಮಗಳನ್ನು ಅವಳ ಕ್ಲಾಸಿನ ಹುಡುಗಿ ಕೇಳಿದಳಂತೆ: "ನಿಮ್ಮಪ್ಪ ರಾತ್ರಿ ಹೆಣದ ಜೊತೆನೇ ಮಲಗ್ತಾರಂತೆ, ಹೌದಾ?" ಅವಳು ಈಗ ಎಲ್ಲ ಫಾರಂಗಳಲ್ಲೂ ತಂದೆಯ ಉದ್ಯೋಗದ ಜಾಗದಲ್ಲಿ "ಆರೋಗ್ಯ ಇಲಾಖೆ" ಅಂತ ಬರೆಯುತ್ತಾಳೆ. ಸುಳ್ಳೇನಲ್ಲ ಬಿಡಿ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಎರಡು ಕಡೆ ಹೆಣ್ಣು ಒಪ್ಪಿ ಆಮೇಲೆ ಬೇಡ ಅಂದರು. ಒಂದು ಕಡೆಯವರು ಕಾರಣವನ್ನೂ ಹೇಳಿದರು. ಅವನು ಮನೆಗೆ ಬಂದ ಮೇಲೆ ಮಗುವನ್ನು ಅದೇ ಕೈಯಲ್ಲಿ ಎತ್ತಿಕೊಳ್ಳುತ್ತಾನಲ್ಲ ಅಂತ ಅವರಿಗೆ ಚಿಂತೆ. ದಿನಾ ಅದೇ ಟೇಬಲ್ ಪಕ್ಕ ನಿಲ್ಲುವ ಡಾಕ್ಟರಿಗೆ ಮಾತ್ರ ಹೆಣ್ಣು ಕೊಡಲು ಸಾಲು ನಿಲ್ಲುತ್ತಾರೆ. ಅವರದೂ ಕೈಯೇ ಅಲ್ವಾ?

ಇನ್ನು ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಿಮ್ಮ ಚಿತ್ರಕಥೆಗೂ ಉಪಯೋಗ ಆದೀತು.

ನೀವು ಯಾವಾಗಲೂ ನಡುರಾತ್ರಿ ಪೋಸ್ಟ್‌ಮಾರ್ಟಂ ಮಾಡಿಸುತ್ತೀರಿ. ನಮ್ಮಲ್ಲಿ ಬಹಳ ಕಾಲ ಸೂರ್ಯ ಮುಳುಗಿದ ಮೇಲೆ ಸಾಮಾನ್ಯವಾಗಿ ಪಿ.ಎಂ. ಮಾಡುತ್ತಲೇ ಇರಲಿಲ್ಲ. ದೆವ್ವದ ಭಯಕ್ಕಲ್ಲ. ಲೈಟಿನ ಬೆಳಕಿನಲ್ಲಿ ಗಾಯದ ಬಣ್ಣ ಸರಿಯಾಗಿ ಕಾಣುವುದಿಲ್ಲ, ಹಳೇ ಏಟು ಯಾವುದು ಹೊಸ ಏಟು ಯಾವುದು ಅಂತ ಹೇಳುವಾಗ ಬಣ್ಣವೇ ಮುಖ್ಯ. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾತ್ರಿಯೂ ಮಾಡಬಹುದು ಅಂತ ಆದೇಶ ಹೊರಡಿಸಿತು, ಬೆಳಕು ಮತ್ತು ಸೌಲಭ್ಯ ಸರಿಯಾಗಿ ಇರುವ ಕಡೆ ಮಾತ್ರ. ಅಂಗದಾನಕ್ಕೆ ಅನುಕೂಲ ಆಗಲಿ ಅನ್ನುವುದು ಅದಕ್ಕೆ ಮುಖ್ಯ ಕಾರಣ. ಅದರಲ್ಲೂ ಕೊಲೆ, ಆತ್ಮಹತ್ಯೆ, ಅತ್ಯಾಚಾರದ ಕೇಸು, ಕೊಳೆತ ಶವ, ಅನುಮಾನ ಇರುವ ಸಾವು ಇವನ್ನು ರಾತ್ರಿ ಮಾಡಬಾರದು, ಕಾನೂನು ಸುವ್ಯವಸ್ಥೆಯ ತುರ್ತು ಇದ್ದರೆ ಮಾತ್ರ ಬೇರೆ ಮಾತು. ಅಂದರೆ ನಿಮ್ಮ ಕಥೆಯಲ್ಲಿ ಬರುವ ಯಾವ ಸಾವನ್ನೂ ಮಾಮೂಲಿಯಾಗಿ ರಾತ್ರಿ ಹನ್ನೆರಡು ಗಂಟೆಗೆ ಕೊಯ್ಯುವ ಹಾಗಿಲ್ಲ. ನಮ್ಮ ಕೆಲಸ ಜೋರಾಗಿ ನಡೆಯುವುದು ಹಗಲು ಹೊತ್ತಿನಲ್ಲಿ. ಹೊರಗೆ ಆಟೋ ಹಾರನ್ನು, ಟೀ ಮಾರುವವನ ಕೂಗು, ಪೊಲೀಸಿನವರ ಫೋನಿನ ರಿಂಗ್‌ಟೋನು, ಎಲ್ಲ ಕೇಳುತ್ತಾ ಇರುತ್ತದೆ.

ಹಸಿರು ಲೈಟಿನ ಜಾಡಿಗಳ ಕಥೆಯೂ ಹೇಳಿಬಿಡುತ್ತೇನೆ. ವಿಷದ ಅನುಮಾನ ಇದ್ದರೆ ಹೊಟ್ಟೆ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡದ ಚೂರುಗಳನ್ನು ಡಾಕ್ಟರು ತೆಗೆದು ಕೊಡುತ್ತಾರೆ. ಅವನ್ನು ಬಾಟಲಿಗೆ ಹಾಕಿ ಉಪ್ಪುನೀರು ತುಂಬಿಸುತ್ತೇವೆ. ಹೌದು, ಉಪ್ಪೇ. ನೀರಿಗೆ ಉಪ್ಪು ಹಾಕುತ್ತಾ ಕದಡುತ್ತಾ, ಇನ್ನು ಕರಗುವುದಿಲ್ಲ ಅನ್ನುವ ತನಕ ಹಾಕಬೇಕು. ಮುಚ್ಚಳ ಬಿಗಿದು, ಬಟ್ಟೆ ಸುತ್ತಿ, ಅರಗು ಕರಗಿಸಿ ಸೀಲು ಒತ್ತಿ, ಚೀಟಿ ಅಂಟಿಸಿ ಪೊಲೀಸರ ಕೈಗೆ ಕೊಡುತ್ತೇವೆ. ಅವರು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಮ್ಮ ಗೋಡೆಯ ಮೇಲೆ ಸಾಲಾಗಿ ಇರುವುದು ರಿಜಿಸ್ಟರುಗಳು ಮಾತ್ರ.

ಆ ಹೆಣ ಅದಲುಬದಲು ವಿಷಯ. ಧಾರಾವಾಹಿಗಳಿಗೆ ಇದು ಬಲು ಇಷ್ಟ ಅಂತ ಕಾಣುತ್ತದೆ. ಅತ್ತೆಯೋ ನಾದಿನಿಯೋ ಸೀರೆ ಸೆರಗಿನಿಂದ ಒಂದು ಕಂತೆ ನೋಟು ತೆಗೆದು ಮಾರ್ಚುರಿಯವನ ಕೈಗೆ ಹಾಕುತ್ತಾಳೆ. ಸತ್ತಿಲ್ಲದ ನಾಯಕಿ ಸತ್ತುಹೋಗುತ್ತಾಳೆ. ಸ್ವಾಮಿ, ಅನುಮಾನದ ಸಾವಾದರೆ ಮೊದಲು ಠಾಣೆಯಲ್ಲಿ ದೂರು ದಾಖಲಾಗಬೇಕು. ಪೊಲೀಸರು ಪಂಚರನ್ನು ಕರೆಸಿ ಶವ ಪಂಚನಾಮೆ ಮಾಡಬೇಕು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹಾಗೆ ಸತ್ತರೆ ಅದನ್ನು ಮಾಡಲು ತಹಶೀಲ್ದಾರರೇ ಬರುತ್ತಾರೆ. ಸಂಬಂಧಿಕರು ಮುಖ ನೋಡಿ ಗುರುತಿಸಬೇಕು. ನಂಬರು ಬರೆದ ಪಟ್ಟಿ ಕಟ್ಟಬೇಕು. ಡಾಕ್ಟರು ಸಹಿ ಹಾಕಬೇಕು. ಮುಗಿದ ಮೇಲೆ ಶವವನ್ನು ನಾವು ಕೊಡುವುದು ಪೊಲೀಸರಿಗೆ, ಅವರು ರಸೀದಿ ಬರೆಸಿಕೊಂಡು ಮನೆಯವರಿಗೆ ಕೊಡುತ್ತಾರೆ. ಇಷ್ಟು ಜನರನ್ನು ದಾಟಿ ಹೆಣ ಬದಲಿಸಲು ನನ್ನೊಬ್ಬನಿಂದ ಆಗುತ್ತದೆ ಅಂತ ನೀವು ನಂಬಿದ್ದೀರಲ್ಲ, ಒಂದು ಲೆಕ್ಕದಲ್ಲಿ ಅದು ನನಗೆ ಮರ್ಯಾದೆಯೇ! ಹೆಣ ಅದಲುಬದಲು ಆಗಿದ್ದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಗಡಿಬಿಡಿಯಲ್ಲಿ ಚೀಟಿ ತಪ್ಪಿ ಆಗಿರುವ ಸುದ್ದಿ ಪತ್ರಿಕೆಯಲ್ಲಿ ಓದಿದ್ದೇವೆ. ಜನ ಕಮ್ಮಿ, ಹೆಣ ಜಾಸ್ತಿ ಇದ್ದ ದಿನ ಅಂಥದ್ದಾಗುತ್ತದೆ. ಆ ಕಥೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಹೆಣದ ಜೊತೆ ಮಾತಾಡುತ್ತಾನೆ, ಹುಚ್ಚ ಅಂತ ತೋರಿಸುತ್ತೀರಿ. ಮಾತಾಡುವುದು ನಿಜ. ನಮ್ಮಲ್ಲಿ ಬಹಳ ಜನ ಮಾತಾಡುತ್ತಾರೆ. ಭಾರದ ಶರೀರವನ್ನು ಸ್ಟ್ರೆಚರಿನಿಂದ ಮಂಚಕ್ಕೆ ಎಳೆದುಕೊಳ್ಳುವಾಗ "ಸ್ವಲ್ಪ ಈ ಕಡೆ ಬಾರಪ್ಪ" ಅಂತ ತಾನಾಗಿಯೇ ಬಾಯಿಗೆ ಬರುತ್ತದೆ. ಸೆಟೆದ ಕೈಯನ್ನು ಮೆಲ್ಲಗೆ ಬಿಡಿಸುವಾಗ "ಆಯ್ತಮ್ಮ, ಆಯ್ತು" ಅನ್ನುತ್ತೇವೆ. ಎತ್ತುವಾಗ ಎದೆಯೊಳಗಿನ ಗಾಳಿ ಗಂಟಲಿನಿಂದ ಹೊರಗೆ ಬಂದು ನರಳಿದ ಹಾಗೆ ಶಬ್ದ ಬರುವುದೂ ಉಂಟು. ಹೊಸ ಹುಡುಗರು ಬೆಚ್ಚಿಬೀಳುತ್ತಾರೆ. ಹಳಬರು "ಏನಿಲ್ಲ ಬಿಡು" ಅಂತ ಹೇಳಿ ಕೆಲಸ ಮುಂದುವರಿಸುತ್ತಾರೆ. ಚಿತೆಯ ಮೇಲೆ ಹೆಣ ಎದ್ದು ಕೂತಿತು ಅನ್ನುವ ಕಥೆಗಳ ಮೂಲವೂ ಹೀಗೆಯೇ. ಬೆಂಕಿಯ ಕಾವಿಗೆ ಸ್ನಾಯುಗಳು ಕುಗ್ಗುತ್ತವೆ, ಕೈಕಾಲು ಮಡಚಿಕೊಳ್ಳುತ್ತವೆ. ರುದ್ರಭೂಮಿಯವರಿಗೆ ಇದು ದಿನಾ ನೋಡುವ ಸಂಗತಿ. ಅದಕ್ಕೆ ಅವರು ಗಾಬರಿಯಾಗುವುದಿಲ್ಲ. ಅವರು ಗಾಬರಿಯಾಗದೇ ಇರುವುದನ್ನೇ ನೀವು ಭಯಂಕರ ಅಂತ ತೋರಿಸುತ್ತೀರಿ.

ಒಂದು ಹೊಲಿಗೆಯ ವಿಷಯ ಹೇಳಲೇಬೇಕು. ತಲೆ ತೆರೆಯುವಾಗ ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಕ್ಕೆ ಚರ್ಮ ಬಿಡಿಸುತ್ತಾರೆ. ಹಣೆಯ ಮೇಲೆ ಗೆರೆ ಬೀಳಬಾರದು ಅಂತಲೇ ಹಾಗೆ. ಮುಗಿದ ಮೇಲೆ ಬುರುಡೆಯ ಮುಚ್ಚಳ ಸರಿಯಾಗಿ ಕೂರಿಸಿ, ಚರ್ಮ ಎಳೆದು, ದಬ್ಬಣದಲ್ಲಿ ದಾರ ಪೋಣಿಸಿ ಒಳಗಿನಿಂದ ಹೊರಕ್ಕೆ ಹೊಲಿಯುತ್ತೇವೆ. ದಾರ ಜಾಸ್ತಿ ಎಳೆದರೆ ಹುಬ್ಬು ಮೇಲೆ ಹೋಗಿ ಮುಖವೇ ಬೇರೆಯಾಗುತ್ತದೆ. ಸಡಿಲ ಬಿಟ್ಟರೆ ರಕ್ತ ಜಿನುಗಿ ದಿಂಬಿನ ಬಟ್ಟೆ ಕೆಂಪಾಗುತ್ತದೆ. ಹದ ಕೈಗೆ ಗೊತ್ತಾಗಬೇಕು. ಆಮೇಲೆ ತಲೆ ತೊಳೆದು, ಕೂದಲು ಬಾಚಿ, ಹೊಲಿಗೆ ಮುಚ್ಚುವ ಹಾಗೆ ಇಳಿಬಿಡುತ್ತೇವೆ. ಗದ್ದಕ್ಕೆ ಪಟ್ಟಿ ಕಟ್ಟುತ್ತೇವೆ, ಇಲ್ಲದಿದ್ದರೆ ಬಾಯಿ ತೆರೆದೇ ಉಳಿಯುತ್ತದೆ. ಒಮ್ಮೆ ಒಬ್ಬ ತಾಯಿ ಬಾಗಿಲ ಹತ್ತಿರ ಬಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಒಳಗೆ ಮಡಿಕೆ ಬಿಚ್ಚದ ಸೀರೆ, ಕುಂಕುಮದ ಡಬ್ಬಿ, ಒಂದು ಡಜನ್ ಗಾಜಿನ ಬಳೆ. "ಬಳೆ ಹೋಗುತ್ತಾ ನೋಡಣ್ಣ, ಕೈ ಊದಿದ್ರೆ ಬೇಡ" ಅಂದರು. ಕೈ ಊದಿತ್ತು. ಸೋಪು ಹಚ್ಚಿ ಒಂದೊಂದಾಗಿ ಏರಿಸಿದೆವು. ಎರಡು ಒಡೆದವು, ಉಳಿದವು ಹೋದವು. ಡಾಕ್ಟರ ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲಿ ಇರಬಹುದಿತ್ತು.

ಕುಡಿತದ ಬಗ್ಗೆ ಮುಚ್ಚಿಡುವುದಿಲ್ಲ. ನಮ್ಮಲ್ಲಿ ಕುಡಿಯುವವರು ಇದ್ದಾರೆ, ಬಹಳ ಜನ ಇದ್ದಾರೆ. ಬಾವಿಯಲ್ಲಿ ನಾಲ್ಕು ದಿನ ಇದ್ದ ಶರೀರವನ್ನು ಒಂದು ತೆಳು ಗ್ಲೌಸು, ಒಂದು ಬಟ್ಟೆ ಮಾಸ್ಕು ಹಾಕಿಕೊಂಡು ತೆರೆದ ಮೇಲೆ ಮನೆಗೆ ಹೋಗಿ ಅನ್ನ ಸಾರು ಉಣ್ಣಲು ಆಗುವುದಿಲ್ಲ. ವಾಸನೆ ಮೂಗಿನಲ್ಲಿ ಕೂತಿರುತ್ತದೆ. ಮೊದಲಿನವರು ಹೊಸಬರಿಗೆ ಹೇಳಿಕೊಡುತ್ತಿದ್ದದ್ದೇ ಇದನ್ನು: ಒಂದು ಗುಟುಕು ಹಾಕಿಕೋ, ಆಮೇಲೆ ಒಳಗೆ ಬಾ. ಈ ಕೆಲಸಕ್ಕೆ ಬರುವಾಗ ಯಾರಿಗೂ ಸರಿಯಾದ ತರಬೇತಿ ಇಲ್ಲ, ಮನಸ್ಸಿಗೆ ಏನಾಯಿತು ಅಂತ ಕೇಳುವವರಿಲ್ಲ. ಹೊರಗುತ್ತಿಗೆಯ ಹುಡುಗರಿಗೆ ಸಂಬಳ ಯಾವ ತಾರೀಖಿಗೆ ಬರುತ್ತದೆ ಅನ್ನುವುದೂ ಖಾತ್ರಿಯಿಲ್ಲ. ನೀವು ಬಾಟಲಿ ತೋರಿಸುತ್ತೀರಿ, ಕುಡಿಸಿದ್ದು ಏನು ಅಂತ ತೋರಿಸುವುದಿಲ್ಲ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ.

ಹೆಣದ ಕೆಲಸ ಮಾಡುವವನು ಅಂದರೆ ಹೆದರಬೇಕು ಅನ್ನುವ ಈ ರೂಢಿ ಇಂಗ್ಲಿಷ್ ಸಿನಿಮಾಗಳಲ್ಲೂ ಇದೆ. ಕಪ್ಪು ಕೋಟು, ಎತ್ತರದ ಹ್ಯಾಟು, ಬಿಳಿಚಿಕೊಂಡ ಮುಖ. 1990ರ ದಶಕದಲ್ಲಿ ಕುಸ್ತಿಯ ಟ್ರಂಪ್ ಕಾರ್ಡ್ ಆಡಿದ ನಮ್ಮ ಹುಡುಗರಿಗೆಲ್ಲ ಅಂತ್ಯಕ್ರಿಯೆ ನಡೆಸುವವನ ವೇಷದ ಕುಸ್ತಿಪಟು ಅಂಡರ್‌ಟೇಕರ್ ಅಂದರೆ ಯಾರು ಅಂತ ಗೊತ್ತು. ಅಲ್ಲಿ ಆ ಭಯಕ್ಕೆ ಒಂದು ಹಿನ್ನೆಲೆ ಇದೆ. ನಮ್ಮ ಪ್ರೊಫೆಸರು ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದು ಇದು. 1828ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರು 16 ಜನರನ್ನು ಕೊಂದು, ಹೆಣಗಳನ್ನು ಅಂಗರಚನಾಶಾಸ್ತ್ರ ಕಲಿಸುವ ಡಾಕ್ಟರಿಗೆ ಮಾರಿದರು. ಆ ಕಾಲದಲ್ಲಿ ಹೂತ ಹೆಣ ಕದಿಯುವವರ ಕಾಟಕ್ಕೆ ಜನ ಗೋರಿಗಳ ಮೇಲೆ ಕಬ್ಬಿಣದ ಪಂಜರ ಹಾಕಿಸುತ್ತಿದ್ದರಂತೆ. 1832ರಲ್ಲಿ ಬ್ರಿಟನ್ ಇದಕ್ಕೆ ಕಾನೂನನ್ನೇ ತಂದಿತು. ಅದೂ ಅಲ್ಲದೆ ಅಲ್ಲಿ ಅಂತ್ಯಕ್ರಿಯೆ ನಡೆಸುವವನು ಒಬ್ಬ ವ್ಯಾಪಾರಿ. ಅವನಿಗೆ ಅಂಗಡಿ ಇದೆ, ಕಾರಿದೆ, ದುಃಖದಲ್ಲಿರುವವರಿಗೆ ದುಬಾರಿ ಪೆಟ್ಟಿಗೆ ಮಾರುತ್ತಾನೆ. ಅವನನ್ನು ಗೇಲಿ ಮಾಡಿದರೆ ದುಡ್ಡಿರುವವನನ್ನು ಗೇಲಿ ಮಾಡಿದ ಹಾಗೆ. ಅವನು ತಡೆದುಕೊಳ್ಳುತ್ತಾನೆ.

ನಮ್ಮಲ್ಲಿ ಈ ಕೆಲಸಕ್ಕೆ ಯಾರು ಬಂದರು? ನಮ್ಮಪ್ಪ ಊರಲ್ಲಿ ಗುಂಡಿ ತೋಡುತ್ತಿದ್ದರು. ಯಾರೇ ಸತ್ತರೂ ಸುದ್ದಿಯನ್ನು ನೆಂಟರ ಊರುಗಳಿಗೆ ನಡೆದುಕೊಂಡು ಹೋಗಿ ಮುಟ್ಟಿಸುತ್ತಿದ್ದವರೂ ಅವರೇ. ಸುದ್ದಿ ಹೇಳಿ ಅಂಗಳದಲ್ಲೇ ನಿಂತು, ಕೊಟ್ಟಿದ್ದನ್ನು ಸೆರಗೊಡ್ಡಿ ಇಸಿದುಕೊಂಡು ಬರುತ್ತಿದ್ದರು. ಹಲಗೆ ಬಾರಿಸಿದವರು ನಮ್ಮ ಚಿಕ್ಕಪ್ಪಂದಿರು. ಈ ಕೆಲಸವನ್ನು ನಾವು ಆಯ್ದುಕೊಂಡದ್ದಲ್ಲ. ಊರು ನಮಗೆ ಹಚ್ಚಿದ್ದು. ಆಸ್ಪತ್ರೆ ಬಂದಾಗ ಊರಿನ ಆ ಲೆಕ್ಕವೇ ಆಸ್ಪತ್ರೆಯೊಳಕ್ಕೂ ಬಂತು. ಮಾರ್ಚುರಿಗೆ ಯಾರನ್ನು ಹಾಕಬೇಕು ಅಂತ ಯಾರೂ ಯೋಚನೆ ಮಾಡಲಿಲ್ಲ, ಗೊತ್ತೇ ಇತ್ತು. ಈಗಲೂ ನಾಡಿನ ಯಾವುದೇ ರುದ್ರಭೂಮಿಗೆ, ಮಾರ್ಚುರಿಗೆ ಹೋಗಿ ಅಲ್ಲಿರುವವರು ಯಾರ ಮಕ್ಕಳು ಅಂತ ಕೇಳಿ ನೋಡಿ.

ಹಾಗಾಗಿ ನೀವು ನನ್ನ ಮುಖಕ್ಕೆ ಕಪ್ಪು ಬಳಿದು, ಅಂಗಿ ಹರಿದು, ಹತ್ತಿರ ಬಂದರೆ ನಾಯಕಿ ಮೂಗು ಮುಚ್ಚಿಕೊಂಡು ಹಿಂದೆ ಸರಿಯುವ ಹಾಗೆ ತೋರಿಸಿದಾಗ, ನೋಡುವವರಿಗೆ ಆಗುವುದು ಭಯ ಅಂತ ನೀವು ತಿಳಿದಿದ್ದೀರಿ. ನಮಗೆ ಅದು ಹಾಗೆ ಕಾಣುವುದಿಲ್ಲ. ನಮ್ಮಪ್ಪನನ್ನು ಅಂಗಳದಲ್ಲಿ ನಿಲ್ಲಿಸಿದ ದೃಷ್ಟಿಯೇ ಅದು. ಅವನನ್ನು ಮುಟ್ಟಬಾರದು, ಅವನು ನಮ್ಮವನಲ್ಲ, ಅವನ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ. ಈ ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ನೀವು ಅದನ್ನೇ ಸೌಂಡ್ ಎಫೆಕ್ಟ್ ಸಮೇತ ಮತ್ತೆ ತರುತ್ತಿದ್ದೀರಿ. ಬೇಕೆಂದೇ ಮಾಡುತ್ತೀರಿ ಅಂತ ನಾನು ಹೇಳುತ್ತಿಲ್ಲ. ವಿದೇಶದ ಹಾರರ್ ನೋಡಿ ಅದರ ಹಾಗೆ ಮಾಡಲು ಹೋಗುತ್ತೀರಿ. ಆದರೆ ಅವರ ಕೋಟು ಹ್ಯಾಟು ನಮ್ಮಲ್ಲಿ ಹೊಂದುವುದಿಲ್ಲ. ಅದನ್ನು ತೆಗೆದು ಬೇರೆ ವೇಷ ಹುಡುಕುವಾಗ ಕೈಗೆ ಸಿಗುವುದು ಜಾತಿಯ ಗುರುತುಗಳೇ.

ಕನ್ನಡದಲ್ಲಿ ಇದು ಯಾವಾಗಲೂ ಹೀಗೇ ಇರಲಿಲ್ಲ. ಎಂಟು ನೂರು ವರ್ಷದ ಹಿಂದೆ ರಾಘವಾಂಕ ಒಬ್ಬ ರಾಜನನ್ನು ಕಾಶಿಯ ಮಸಣಕ್ಕೆ ಕಾವಲು ನಿಲ್ಲಿಸಿದ. 1965ರಲ್ಲಿ ಅದೇ ಕಥೆಯ 'ಸತ್ಯ ಹರಿಶ್ಚಂದ್ರ' ಸಿನಿಮಾ ಬಂದಾಗ ರಾಜ್‌ಕುಮಾರ್ ಮಸಣ ಕಾದರು. ಜನ ಹೆದರಲಿಲ್ಲ, ಅತ್ತರು. ವೀರಬಾಹುವಾಗಿ ಎಂ.ಪಿ. ಶಂಕರ್ ಕುಲದ ಮೇಲು ಕೀಳನ್ನು ಪ್ರಶ್ನಿಸಿ ಕುಣಿದ ಹಾಡು ಇವತ್ತಿಗೂ ಆರ್ಕೆಸ್ಟ್ರಾದಲ್ಲಿ ಇದ್ದೇ ಇರುತ್ತದೆ. ಆ ಸಿನಿಮಾ ನನಗೆ ಇಷ್ಟ. ಆದರೂ ಒಂದು ಮಾತು. ಜನ ಅತ್ತಿದ್ದು ರಾಜ ಮಸಣಕ್ಕೆ ಬಂದುಬಿಟ್ಟನಲ್ಲ ಅಂತ. ಕೊನೆಗೆ ದೇವರು ಬಂದು ಅವನನ್ನು ಸಿಂಹಾಸನಕ್ಕೆ ವಾಪಸ್ ಕಳಿಸುತ್ತಾನೆ. ಅಲ್ಲೇ ಹುಟ್ಟಿ, ಅಲ್ಲೇ ಗುಂಡಿ ತೋಡಿ, ಅಲ್ಲೇ ಉಳಿದವರ ಕಥೆ ಏನಾಯಿತು? ಬೆಂಗಳೂರಿನಲ್ಲಿ ಹರಿಶ್ಚಂದ್ರ ಘಾಟ್ ಇದೆ. 2022ರಲ್ಲಿ ಸರ್ಕಾರ ರುದ್ರಭೂಮಿ ಕಾರ್ಮಿಕರನ್ನು 'ಸತ್ಯ ಹರಿಶ್ಚಂದ್ರ ಬಳಗ' ಎಂದು ಕರೆಯುವುದಾಗಿಯೂ ಹೇಳಿತು. ಸಂತೋಷ. ಆದರೆ ನಾವು ವೇಷ ಮರೆಸಿಕೊಂಡ ರಾಜರಲ್ಲ. ಮರ್ಯಾದೆ ಸಿಗಬೇಕಾದರೆ ಹಿಂದೆ ರಾಜರಾಗಿರಲೇಬೇಕು ಅನ್ನುವುದು ಯಾವ ನ್ಯಾಯ?

ಕೊರೋನಾ ಎರಡನೇ ಅಲೆಯ 2021ರ ಏಪ್ರಿಲ್ ಮೇ ತಿಂಗಳು ನಿಮಗೆಲ್ಲ ನೆನಪಿರಬಹುದು. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲು ನಿಂತಿದ್ದವು. ಸಾಲದೆ ಗಿಡ್ಡೇನಹಳ್ಳಿ, ತಾವರೆಕೆರೆ ಕಡೆ ಬಯಲಲ್ಲಿ ಚಿತೆ ಹಚ್ಚಬೇಕಾಯಿತು. ಮಕ್ಕಳೇ ಅಪ್ಪನ ಹೆಣ ಮುಟ್ಟಲು ಹೆದರಿ ದೂರ ನಿಂತಾಗ ಎತ್ತಿದ್ದು ಯಾರು? ಆಗ ನಮ್ಮನ್ನು ಯೋಧರು ಅಂದರು, ಶಾಲು ಹೊದಿಸಿದರು. ಅವತ್ತು ನಮ್ಮಿಂದ ಯಾರಿಗೂ ಭಯ ಆಗಿರಲಿಲ್ಲ. ಅಷ್ಟೊಂದು ಕಥೆಗಳು ಕಣ್ಣ ಮುಂದೆ ಇದ್ದವು. ಆಮೇಲೆ ಬಂದ ಥ್ರಿಲ್ಲರುಗಳಲ್ಲಿ ಮತ್ತೆ ಅದೇ ಹೂವು ಬಿದ್ದ ಕಣ್ಣು.

ನಿಮ್ಮಲ್ಲಿ ಕೆಲವರು ಹೈಕೋರ್ಟಿನ ತೀರ್ಪನ್ನು ಎತ್ತುತ್ತೀರಿ ಅಂತ ಗೊತ್ತು. 2023ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಕೊಲೆ ಕೇಸಿನ ತೀರ್ಪು ಕೊಡುವಾಗ, ಶವದ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯಕ್ಕೆ ಅತ್ಯಾಚಾರದ ಕಲಂ ಅನ್ವಯಿಸುವುದಿಲ್ಲ, ಕಾನೂನು ತಿದ್ದಿ ಅಂತ ಕೇಂದ್ರಕ್ಕೆ ಹೇಳಿತು. ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳ ಶವಾಗಾರಗಳಲ್ಲಿ ಆರು ತಿಂಗಳೊಳಗೆ ಸಿಸಿಟಿವಿ ಹಾಕಬೇಕು ಅಂತಲೂ ಹೇಳಿತು. ಆ ಕೇಸಿನ ಆರೋಪಿ ಮಾರ್ಚುರಿ ನೌಕರನಾಗಿರಲಿಲ್ಲ. ಆದರೂ ಕ್ಯಾಮೆರಾ ಹಾಕಿ ಅಂತಲೇ ನಾನೂ ಹೇಳುತ್ತೇನೆ. ಸತ್ತವರ ಮರ್ಯಾದೆಗೂ ಅದು ಒಳ್ಳೆಯದು, ನಮ್ಮ ಮೇಲೆ ಸುಳ್ಳು ಅಪವಾದ ಬಂದಾಗ ನಮಗೂ ಒಳ್ಳೆಯದು. ಹಾಗೆಯೇ, ಹೆಣ ಬೇಗ ಬಿಡಲು ದುಡ್ಡು ಕೇಳುವವರು ನಮ್ಮಲ್ಲಿ ಇದ್ದಾರೆ. ಅಂಥವನ ಕಥೆ ಬರೆಯಿರಿ, ನಾನೇ ಮಾಹಿತಿ ಕೊಡುತ್ತೇನೆ. ಆ ದುಡ್ಡು ಯಾರ್ಯಾರ ಜೇಬಿಗೆ ಹೋಗುತ್ತದೆ ಅಂತಲೂ ಬರೆಯಿರಿ. ನಮ್ಮಲ್ಲಿ ಕೆಟ್ಟವರನ್ನು ತೋರಿಸಲೇಬೇಡಿ ಅಂತ ನಾನು ಕೇಳುತ್ತಿಲ್ಲ. ಕೆಟ್ಟವನಾಗಲು ಅವನಿಗೊಂದು ಕಾರಣ ಇರಲಿ ಅಂತ ಕೇಳುತ್ತಿದ್ದೇನೆ. ನಿಮ್ಮ ರಾಜಕಾರಣಿ ವಿಲನ್‌ಗೆ ಕಾರಣ ಇರುತ್ತದೆ, ರೌಡಿಗೆ ಅಮ್ಮನ ಫ್ಲ್ಯಾಶ್‌ಬ್ಯಾಕ್ ಇರುತ್ತದೆ. ಮಾರ್ಚುರಿಯವನಿಗೆ ಮಾತ್ರ ಕೆಲಸವೇ ಕಾರಣ.

ಹಾರರ್ ಸಿನಿಮಾ ಮಾಡಬೇಡಿ ಅಂತಲೂ ಹೇಳುವುದಿಲ್ಲ. ನಮ್ಮ ಮನೆಯಲ್ಲೇ ಎಲ್ಲರಿಗೂ ಇಷ್ಟ. ದೆವ್ವ ಎಷ್ಟು ಬೇಕಾದರೂ ತನ್ನಿ. ತೆರೆ ಮೇಲೆ ಒಬ್ಬ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆ ಬರುತ್ತದೆ, ಕುದುರೆ ಓಡಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ನಮಗೆ ಅಂಥ ಮಂಡಳಿ ಏನೂ ಬೇಡ, ಇನ್ನೊಂದು ಸೆನ್ಸಾರೂ ಬೇಡ. ನಾನು ಕೇಳುವುದು ಚಿಕ್ಕದು.

ಮಾರ್ಚುರಿಯವನಿಗೆ, ಸ್ಮಶಾನ ಕಾಯುವವನಿಗೆ ಒಂದು ಹೆಸರು ಇಡಿ. ನಿಮ್ಮ ಸ್ಕ್ರಿಪ್ಟುಗಳಲ್ಲಿ ಅವನಿಗೆ ಹೆಸರೇ ಇರುವುದಿಲ್ಲ, ಟೈಟಲ್ ಕಾರ್ಡಿನಲ್ಲೂ 'ಶವಾಗಾರದವನು' ಅಷ್ಟೇ. ಹೆಸರು ಇಟ್ಟ ಮೇಲೆ ಅವನಿಗೊಂದು ಮನೆ, ಒಂದು ಊಟದ ಡಬ್ಬಿ ತಾನಾಗಿ ಬರುತ್ತದೆ. ಮುಖಕ್ಕೆ ಕಪ್ಪು ಬಳಿಯುವುದನ್ನು ಮೊದಲು ನಿಲ್ಲಿಸಿ, ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಅವನಿಗೆ ಗೊತ್ತಿರುವುದನ್ನು ಅವನ ಬಾಯಲ್ಲೇ ಹೇಳಿಸಿ. ಕುತ್ತಿಗೆಯ ಸುತ್ತ ಹಗ್ಗದ ಗುರುತು ನೇಣು ಹಾಕಿಕೊಂಡ ಹಾಗೆ ಓರೆಯಾಗಿ ಮೇಲಕ್ಕೆ ಹೋಗಿದೆಯೋ, ಯಾರೋ ಬಿಗಿದ ಹಾಗೆ ಅಡ್ಡಕ್ಕೆ ಸುತ್ತಿದೆಯೋ ಅಂತ ಎಷ್ಟೋ ಸಲ ಮೊದಲು ಕಾಣುವುದು ಬಟ್ಟೆ ಬಿಚ್ಚುವ ನಮ್ಮ ಕಣ್ಣಿಗೆ. ಅದನ್ನು ಡಾಕ್ಟರಿಗೆ ತೋರಿಸುತ್ತೇವೆ. ನಿಮ್ಮ ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಜಪಾನಿನಲ್ಲಿ ಸತ್ತವರನ್ನು ತೊಳೆದು ಸಿಂಗರಿಸುವ ಕೆಲಸದವನನ್ನೇ ನಾಯಕ ಮಾಡಿ ಸಿನಿಮಾ ತೆಗೆದರು, 2009ರಲ್ಲಿ ಅದಕ್ಕೆ ಆಸ್ಕರ್ ಬಂತು. ಆ ನಾಯಕನ ಹೆಂಡತಿಯೂ ಮೊದಲು ಅವನಿಗೆ "ನನ್ನನ್ನು ಮುಟ್ಟಬೇಡ" ಅನ್ನುತ್ತಾಳೆ. ಆ ಮಾತು ನಮ್ಮ ಮನೆಗಳಿಗೂ ಹೊಸದಲ್ಲ. ಅಂಥ ಕಥೆ ಬರೆಯಲು ನೀವು ಜಪಾನಿಗೆ ಹೋಗಬೇಕಾಗಿಲ್ಲ.

ಕೊನೆಯದಾಗಿ, ಬರೆಯುವ ಮೊದಲು ಬಂದು ನೋಡಿ. ನಮ್ಮಲ್ಲಿಗೇ ಬರಬೇಕು ಅಂತಿಲ್ಲ, ನಿಮ್ಮ ಊರಿನ ಆಸ್ಪತ್ರೆಗೆ ಹೋಗಿ. ಆಸ್ಪತ್ರೆಯ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ. ಶವಪರೀಕ್ಷೆ ನೋಡಲು ಹೊರಗಿನವರನ್ನು ಬಿಡುವುದಿಲ್ಲ, ಬಿಡಲೂಬಾರದು, ಅದನ್ನು ಕೇಳಬೇಡಿ. ಹೊರಗಿನ ಬೆಂಚಿನ ಮೇಲೆ ಕೂತು ನಮ್ಮ ಜೊತೆ ಮಾತಾಡಿ. ಕ್ಯಾಮೆರಾ ತರಬೇಡಿ, ಅಲ್ಲಿ ಅಳುತ್ತಾ ನಿಂತವರು ಇರುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಬಂದರೆ ಸ್ವಲ್ಪ ಬಿಡುವಿರುತ್ತದೆ. ಸೋಮವಾರ ಮಾತ್ರ ಬೇಡ, ಶನಿವಾರ ಭಾನುವಾರದ ಅಪಘಾತದ ಕೇಸುಗಳೆಲ್ಲ ಸೇರಿ ಆವತ್ತು ಕೆಲಸ ಜಾಸ್ತಿ.

ಇಂತಿ ನಮಸ್ಕಾರಗಳೊಂದಿಗೆ,

ಶವಾಗಾರದ ಒಬ್ಬ ಸಹಾಯಕ